ಟ್ರೆವರ್ ಸುಮಾರಾಗಿ ಎಸೆಯಲಿ

ಮನುಷ್ಯ ದೇವರ ಮುಂದೆ ನಿಂತು ಏನೇನೋ ಕೇಳಿಕೊಳ್ಳುತ್ತಾನೆ. ಆರೋಗ್ಯ ಕೊಡು, ಗ್ರೀನ್ ಕಾರ್ಡ್ ಕೊಡು, ಮಕ್ಕಳಿಗೆ ಒಳ್ಳೆಯ ಬುದ್ಧಿ ಕೊಡು, ಟರ್ನ್‌ಪೈಕಿನಲ್ಲಿ ಟ್ರಾಫಿಕ್ ಕಡಿಮೆ ಮಾಡು, ಇವೆಲ್ಲ ದೇವರಿಗೂ ಕೇಳಿ ಕೇಳಿ ಅಭ್ಯಾಸವಾಗಿಹೋದ ಬೇಡಿಕೆಗಳು. ಆದರೆ ನಮ್ಮ ಮನೆಯಲ್ಲೇ ಉಂಡು, ನಮ್ಮ ಮನೆಯಲ್ಲೇ ಮಲಗಿ, ನನ್ನನ್ನು ಬಾಯಿತುಂಬ ‘ಅಂಕಲ್’ ಎಂದು ಕರೆಯುವ ಒಬ್ಬ ಸಾಧು ಪ್ರಾಣಿಗೆ ‘ತೀರಾ ಒಳ್ಳೆಯದನ್ನು ಮಾಡಬೇಡಪ್ಪ’ ಎಂದು ಕೇಳಿಕೊಂಡವರು ಎಷ್ಟು ಜನರಿದ್ದಾರೋ ನಾನರಿಯೆ. ನಾನಂತೂ ಒಂದಿಡೀ ಬೇಸಿಗೆ ಕೇಳಿಕೊಂಡಿದ್ದೇನೆ. ಅದೂ ಸ್ನಾನ ಮಾಡಿ, ಶುದ್ಧವಾಗಿ, ಕೈಮುಗಿದು. ಕೆಟ್ಟದ್ದನ್ನು ಕೇಳಿದೆ ಎಂದು ಮಾತ್ರ ತಿಳಿಯಬೇಡಿ. ತೀರಾ ಕೆಟ್ಟದ್ದೂ ಬೇಡ, ತೀರಾ ಒಳ್ಳೆಯದೂ ಬೇಡ, ಅಷ್ಟಕ್ಕಷ್ಟೇ ಇರಲಿ ಎಂದು ಕೇಳಿದೆ. ಹೇಗೆ ಈ ಸ್ಥಿತಿಗೆ ಬಂದೆ ಎಂಬುದನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು.

ಇದಕ್ಕೆಲ್ಲ ಮೂಲ ನನ್ನ ಬೇಸ್‌ಬಾಲ್ ಹುಚ್ಚು. ಟಿವಿಯಲ್ಲಿ ಬರುವ ದೊಡ್ಡ ಬೇಸ್‌ಬಾಲ್ ಅಲ್ಲ. ನ್ಯೂಯಾರ್ಕಿನ ದೊಡ್ಡ ಸ್ಟೇಡಿಯಂಗಳಲ್ಲಿ ನನಗೆ ಸಿಗುವ ಸೀಟಿನಿಂದ ಆಟಗಾರರು ಸಾಸಿವೆ ಕಾಳಿನಷ್ಟು ಕಾಣುತ್ತಾರೆ. ನನ್ನ ಪ್ರೀತಿ ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಮನೆಯಿಂದ ಅರ್ಧ ಗಂಟೆ ಡ್ರೈವ್ ಮಾಡಿದರೆ ಸಿಗುವ, ಗೋದಾಮುಗಳ ಹಿಂದೆ ಅವಿತುಕೊಂಡಿರುವ ಒಂದು ಪುಟ್ಟ ಮೈದಾನದ ಮೇಲೆ. ಪ್ರಿನ್ಸ್‌ಟನ್ ಕಡೆಯ ಔಷಧ ಕಂಪನಿಯೊಂದರಲ್ಲಿ ನನಗೆ ಕಂಪ್ಯೂಟರ್ ಕೆಲಸ. ಒಮ್ಮೆ ಆಫೀಸಿನವರು ಪಿಕ್‌ನಿಕ್ ಎಂದು ಎಲ್ಲರನ್ನೂ ಆ ಮೈದಾನಕ್ಕೆ ಕರೆದೊಯ್ದರು. ಉಳಿದವರೆಲ್ಲ ಹಾಟ್‌ಡಾಗ್ ಸಾಲಿನಲ್ಲಿ ನಿಂತಾಗ ಸಸ್ಯಾಹಾರಿಯಾದ ನಾನೊಬ್ಬನೇ ಬೇರೆ ದಾರಿಯಿಲ್ಲದೆ ಆಟ ನೋಡುತ್ತ ಕುಳಿತೆ. ಸಸ್ಯಾಹಾರ ಮನುಷ್ಯನನ್ನು ಎಲ್ಲಿಂದೆಲ್ಲಿಗೆ ಕೊಂಡೊಯ್ಯುತ್ತದೆ ನೋಡಿ! ಅಂದಿನಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಮುಂದೆ ದೊಡ್ಡ ತಂಡಕ್ಕೆ ಏರಬಹುದಾದ ಹುಡುಗರನ್ನು ಇಲ್ಲಿ ‘ಪ್ರಾಸ್ಪೆಕ್ಟ್’ ಎನ್ನುತ್ತಾರೆ. ಅಂಥವರ ಪಟ್ಟಿಗಳು ಪ್ರತಿ ವರ್ಷ ಹೊರಬೀಳುತ್ತವೆ. ಎತ್ತರ ಇಷ್ಟು, ತೂಕ ಇಷ್ಟು, ಊರು ಇಂಥದ್ದು, ನಡತೆ ಒಳ್ಳೆಯದು. ನಮ್ಮಜ್ಜಿ ಗಂಡು ನೋಡಿಕೊಂಡು ಬಂದು ನಡುಮನೆಯಲ್ಲಿ ಕೂತು ಒಪ್ಪಿಸುತ್ತಿದ್ದ ವರದಿಗೂ ಈ ಪಟ್ಟಿಗಳಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅಜ್ಜಿ ‘ಮೂಗು ಒಂಚೂರು ದಪ್ಪ, ಆದ್ರೆ ಮನೆತನ ಚೆನ್ನಾಗಿದೆ’ ಎನ್ನುತ್ತಿದ್ದ ಕಡೆ ಇವರು ‘ಕರ್ವ್ ಬಾಲ್ ಸ್ವಲ್ಪ ಮೊಂಡು, ಆದರೆ ಹುಡುಗ ಶ್ರಮಜೀವಿ’ ಎನ್ನುತ್ತಾರೆ. ಪಕ್ಕದ ಬೀದಿಯ ರಾಮಪ್ರಸಾದ್ ಮೈಸೂರಿನವರು, ಕ್ರಿಕೆಟ್ ಬಿಟ್ಟು ಬೇರೆ ಆಟವಿದೆಯೆಂದು ಒಪ್ಪದವರು. “ಅಲ್ಲಯ್ಯಾ, ದುಂಡಗಿರೋದನ್ನ ಬ್ಯಾಟು ಅಂತಾರಾ? ಅದು ಒನಕೆ ಕಣಯ್ಯ, ಒನಕೆ!” ಎಂದು ನನ್ನನ್ನು ಕಂಡಾಗಲೆಲ್ಲ ಬೈಯುತ್ತಾರೆ.

ನಮ್ಮ ಮೈದಾನದ ತಂಡಕ್ಕೆ ದೊಡ್ಡ ತಂಡಗಳು ಕೈಬಿಟ್ಟವರೇ ಬರುವುದು. ಗಾಯವಾದವರು, ಸೋತವರು, ಇನ್ನೊಂದು ಸಲ ನೋಡಿಯೇಬಿಡೋಣ ಎಂದುಕೊಂಡವರು. ಅವರಿಗೆ ಬಾಡಿಗೆ ಮನೆ ಹಿಡಿಯುವ ಶಕ್ತಿ ಇರುವುದಿಲ್ಲವಾದ್ದರಿಂದ ಊರಿನ ಅಭಿಮಾನಿಗಳೇ ಬೇಸಿಗೆಯ ಮಟ್ಟಿಗೆ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುವ ಪದ್ಧತಿ ಇದೆ. ಇದನ್ನೆಲ್ಲ ನೋಡಿಕೊಳ್ಳುವ ಡೆಬ್ಬಿ ಎಂಬ ಹೆಂಗಸು ಹೋದ ಮೇ ತಿಂಗಳಲ್ಲಿ ಒಂದು ದಿನ ನನ್ನನ್ನು ಹಿಡಿದು, “ನಿಮ್ಮಲ್ಲಿ ಖಾಲಿ ಕೋಣೆ ಇದೆಯಾ?” ಎಂದು ಕೇಳಿದಳು. ಮಗಳು ಕೆಲಸಕ್ಕೆಂದು ಬಾಸ್ಟನ್‌ಗೆ ಹೋದಮೇಲೆ ಅವಳ ಕೋಣೆ ಖಾಲಿಯೇ ಇತ್ತು. ನಾನು ಹೆಂಡತಿಯನ್ನು ಕೇಳದೆ ಹೂಂ ಅಂದುಬಿಟ್ಟೆ. ಸುಮಿತ್ರ ಧಾರವಾಡದವಳು, ಕೋಪ ಬಂದರೆ ನೇರವಾಗಿ ಬೈಯುವುದಿಲ್ಲ, ವಿಚಾರಣೆ ನಡೆಸುತ್ತಾಳೆ. “ಅಂವಾ ಏನ್ ತಿಂತಾನ? ಎಷ್ಟ್ ತಿಂತಾನ? ದನದ ಮಾಂಸ ನನ್ ಫ್ರಿಜ್ನ್ಯಾಗ ಇಡ್ತಾನೇನು? ನಿಮಗ ಇದೆಲ್ಲಾ ಕೇಳಬೇಕಂತ ಅನಿಸಲೇ ಇಲ್ಲೇನು?” ನನಗೆ ಅನಿಸಿರಲಿಲ್ಲ. ಅವನು ಎಷ್ಟು ವೇಗವಾಗಿ ಎಸೆಯುತ್ತಾನೆ ಎಂದಷ್ಟೇ ಕೇಳಿದ್ದೆ.

ಟ್ರೆವರ್ ಬಂದ. ಇಪ್ಪತ್ತೇಳು ವರ್ಷ, ಆರೂವರೆ ಅಡಿ ಎತ್ತರ, ನೆಬ್ರಾಸ್ಕಾದ ಕಡೆಯವನು. ಒಂದು ಕಾಲದಲ್ಲಿ ಪ್ರಾಸ್ಪೆಕ್ಟುಗಳ ಪಟ್ಟಿಯಲ್ಲಿ ಮೇಲಿದ್ದ ಹೆಸರು. ಮೊಣಕೈಗೆ ಶಸ್ತ್ರಚಿಕಿತ್ಸೆ ಆದಮೇಲೆ ವೇಗ ಮರಳಿತು, ಗುರಿ ಮರಳಲಿಲ್ಲ. ಮಾಂಸದ ಭಯವನ್ನು ಅವನು ಮೊದಲ ದಿನವೇ ಬಗೆಹರಿಸಿದ. ಹೊರಗೆ ತಿನ್ನುವುದನ್ನು ಹೊರಗೇ ತಿಂದು ಬರುತ್ತಿದ್ದ, ಬಾಗಿಲಲ್ಲೇ ಶೂ ಬಿಚ್ಚುತ್ತಿದ್ದ. ತೊಂದರೆ ಆದದ್ದು ಊಟದ ತಟ್ಟೆಯಲ್ಲಿ. ತಟ್ಟೆಯಲ್ಲಿ ಅಗುಳು ಬಿಡುವುದು ಅಮ್ಮನಿಗೆ ಮಾಡುವ ಅವಮಾನ ಎಂದು ಅವನನ್ನು ಬೆಳೆಸಿದ್ದಾರೆ. ಬರಿದಾದ ತಟ್ಟೆ ಕಂಡೂ ಬಡಿಸದಿರುವುದು ಮನೆತನಕ್ಕೇ ಅವಮಾನ ಎಂದು ನನ್ನನ್ನು ಬೆಳೆಸಿದ್ದಾರೆ. ನಮ್ಮಜ್ಜಿಯ ಪಂಕ್ತಿಯಲ್ಲಿ ‘ಸಾಕು’ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು, ಮೈಯನ್ನೇ ಮುಂದಕ್ಕೆ ಬಗ್ಗಿಸಿದರೆ ಮಾತ್ರ ಸೌಟು ಮುಂದಿನ ಎಲೆಗೆ ಹೋಗುತ್ತಿತ್ತು. ಟ್ರೆವರ್‌ಗೆ ಈ ವಿದ್ಯೆ ಗೊತ್ತಿರಲಿಲ್ಲ. ಅವನು ಕಷ್ಟಪಟ್ಟು ತಟ್ಟೆ ಖಾಲಿ ಮಾಡಿ “ಐ ಆಮ್ ಗುಡ್, ಅಂಕಲ್” ಎನ್ನುವನು. ಪಾಪ, ಸಂಕೋಚದ ಹುಡುಗ ಎಂದು ನಾನು ಇನ್ನೊಂದು ಸೌಟು ಬಿಸಿಬೇಳೆಬಾತು ಹಾಕುವೆನು. ಅದನ್ನೂ ಅವನು ಮರ್ಯಾದೆಗೆ ಖಾಲಿ ಮಾಡುವನು. ಹೀಗೆ ಒಬ್ಬರ ಸಂಸ್ಕಾರ ಇನ್ನೊಬ್ಬರ ಸಂಸ್ಕಾರವನ್ನು ಅಟ್ಟಿಸಿಕೊಂಡು ಹೋಗಿ ಮೂರು ವಾರದಲ್ಲಿ ಅವನ ಪ್ಯಾಂಟಿನ ಗುಂಡಿ ಕಿತ್ತುಬಂತು. ಸುಮಿತ್ರಳೇ ಅದನ್ನು ಹೊಲಿದುಕೊಟ್ಟಳು. ಗುಂಡಿ ಹೊಲಿದ ದಿನದಿಂದ ಅವನು ‘ಅಂವಾ’ ಹೋಗಿ ‘ನಮ್ ಟ್ರೆವರ್’ ಆದ. ಕರಿಬೇವಿನ ಗಿಡದ ಕುಂಡವನ್ನು ಬೆಳಗ್ಗೆ ಬಿಸಿಲಿಗೆ, ಸಂಜೆ ಒಳಗೆ ಎತ್ತಿಡುವುದು ಅವನ ಕೆಲಸವಾಯಿತು. ಮಗಳಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವಳು, “ಡ್ಯಾಡ್, ಯು ನೆವರ್ ವಾಚ್ಡ್ ಎನಿ ಆಫ್ ಮೈ ಸಾಕರ್ ಗೇಮ್ಸ್” ಎಂದಳು. ಅದು ನಿಜ. ನಾನು ಮಾತು ಬದಲಿಸಿದೆ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ಪಿಚರ್ ಎಸೆದ ಚೆಂಡು ಬ್ಯಾಟ್ ಹಿಡಿದವನ ಮೊಣಕಾಲಿಗೂ ಎದೆಗೂ ನಡುವೆ, ಅವನ ಮುಂದೆ ನೆಲದಲ್ಲಿ ಹುದುಗಿಸಿದ ಹಲಗೆಯ ಅಗಲದೊಳಗೆ ಹೋಗಬೇಕು. ಹಾಗೆ ಮೂರು ಸಲ ಹೋದರೂ ಹೊಡೆಯಲಾಗದಿದ್ದರೆ ಅವನು ಔಟ್. ನಾಲ್ಕು ಸಲ ಹೊರಗೆ ಹೋದರೆ ಅವನು ಬ್ಯಾಟ್ ಬಿಸಾಕಿ ಬೇಸ್ ಎಂಬ ಮೂರು ನಿಲ್ದಾಣಗಳಲ್ಲಿ ಮೊದಲನೆಯದಕ್ಕೆ ಪುಕ್ಕಟೆಯಾಗಿ ನಡೆದುಕೊಂಡು ಹೋಗುತ್ತಾನೆ. ಅದಕ್ಕೇ ‘ವಾಕ್’ ಎನ್ನುವುದು. ಟ್ರೆವರ್ ಎಸೆದ ದಿನ ಎದುರಾಳಿಗಳಿಗೆಲ್ಲ ಒಳ್ಳೆಯ ವಾಕಿಂಗ್ ಆಗುತ್ತಿತ್ತು. ಹೀಗೇ ಮುಂದುವರಿದರೆ ತಂಡದವರು ಅವನನ್ನು ಕೈಬಿಡುತ್ತಾರೆ, ಇಲ್ಲಿಂದ ಬಿಟ್ಟರೆ ಕೆಳಗೆ ಮತ್ತೆ ಮೆಟ್ಟಿಲಿಲ್ಲ, ಅಣ್ಣನ ಟ್ರಕ್ ರಿಪೇರಿ ಅಂಗಡಿಯೇ ಗತಿ ಎಂದು ಅವನೇ ಒಂದು ದಿನ ಕಾಫಿ ಕುಡಿಯುತ್ತ ಹೇಳಿದ. ಚೆನ್ನಾಗಿ ಎಸೆದರೋ? ದೊಡ್ಡ ತಂಡದವರು ಕೊಂಡುಕೊಂಡು ಮರುದಿನವೇ ಬೇರೆ ರಾಜ್ಯಕ್ಕೆ ಕರೆಸಿಕೊಳ್ಳುತ್ತಾರೆ. ಅಂದರೆ ಸೋತರೂ ಹೋಗುತ್ತಾನೆ, ಗೆದ್ದರೂ ಹೋಗುತ್ತಾನೆ. ನಮ್ಮ ಮನೆಯಲ್ಲಿ ಉಳಿಯಬೇಕಾದರೆ ಇರುವುದು ಒಂದೇ ದಾರಿ, ಸುಮಾರಾಗಿ ಎಸೆಯುವುದು. ವೀಸಾ ವಿಸ್ತರಣೆಗೆ ಕಾದಿದ್ದ ನನ್ನ ಹಳೆಯ ದಿನಗಳ ಹಾಗೆ ಪ್ರತಿ ಆಟದ ಮರುದಿನವೂ ನಾನು ಉಸಿರು ಬಿಗಿಹಿಡಿದು ಫೋನು ನೋಡುತ್ತಿದ್ದೆ. ಇನ್ನೊಂದು ವಾರ ಉಳಿದ ಎಂದರೆ ನೆಮ್ಮದಿ. ಮೊದಲೇ ಹೇಳಿದ ಪ್ರಾರ್ಥನೆ ಶುರುವಾದದ್ದು ಹೀಗೆ.

ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ ಬಂತು. ಅರಿಶಿನ ಕುಂಕುಮಕ್ಕೆ ಹೆಂಗಸರು ಬರುವುದು ಶನಿವಾರ, ಅಮೆರಿಕದಲ್ಲಿ ಲಕ್ಷ್ಮಿಗೂ ವೀಕೆಂಡೇ ಅನುಕೂಲ. ಶುಕ್ರವಾರ ಮಧ್ಯಾಹ್ನ ಮನೆಮಟ್ಟಿಗೆ ಊಟ. ಹಿಂದಿನ ದಿನ ಟ್ರೆವರ್ ನನ್ನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ್ದ: “ನಾಳೆ ಸಂಜೆ ಏಳಕ್ಕೆ ನಾನು ಎಸೆಯುತ್ತೇನೆ. ಟೆಕ್ಸಸ್ ಕಡೆಯ ಒಂದು ತಂಡಕ್ಕೆ ಆಟಗಾರರನ್ನು ಹುಡುಕಿಕೊಡುವ ಸ್ಕೌಟ್ ನನ್ನನ್ನು ನೋಡಲೆಂದೇ ಬರುತ್ತಿದ್ದಾನೆ. ಪ್ರಾಯಶಃ ಇದೇ ಕೊನೆಯ ಅವಕಾಶ.” ನಾನು ಅವನ ಬೆನ್ನು ತಟ್ಟಿದೆ. ಮರುದಿನ ಊಟಕ್ಕೆ ಕೂತಾಗ ಹೋಳಿಗೆಯ ತಟ್ಟೆ ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಮೊದಲನೆಯದು ಹಬ್ಬಕ್ಕೆ. ಎರಡನೆಯದು ಒಂಟಿ ಬಡಿಸಬಾರದು ಎಂಬ ಕಾರಣಕ್ಕೆ. ಮೂರನೆಯದು, ತುಪ್ಪ ಹಾಕಿದ್ದನ್ನು ವಾಪಸು ಇಡಲಾಗುವುದಿಲ್ಲವಲ್ಲ ಎಂದು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಟ್ರೆವರ್‌ನ ಹಣೆಯಲ್ಲಿ ಬೆವರು ಮೂಡಿತ್ತು. “ಐ ಆಮ್ ರಿಯಲಿ ಗುಡ್, ಅಂಕಲ್.” “ಹಬ್ಬದ ದಿನ ಹಾಗೆಲ್ಲ ಅನ್ನಬಾರದು. ಒಂದೇ ಒಂದು.” ಆಮೇಲೆ ಪಾಯಸ. ಆಮೇಲೆ ಅವನು ಸೋಫಾದ ಮೇಲೆ ಒರಗಿ, ಕಡಿದ ಮರದ ಹಾಗೆ ನಾಲ್ಕೂವರೆಯವರೆಗೆ ಮಲಗಿದ. ಅವನ ಗೊರಕೆ ಕೇಳುತ್ತ ನಾನು ನನ್ನನ್ನೇ ಕೇಳಿಕೊಂಡೆ: ಇದು ಉಪಚಾರವೋ, ಅಪಚಾರವೋ? ಪ್ರಾಮಾಣಿಕವಾಗಿ ಹೇಳುತ್ತೇನೆ, ಉತ್ತರ ಬರುವುದರೊಳಗೆ ನನಗೂ ನಿದ್ದೆ ಬಂತು.

ಸಂಜೆ ನಾನೂ ಸುಮಿತ್ರಳೂ ಮೈದಾನಕ್ಕೆ ಹೋದೆವು. ಬ್ಯಾಟ್ ಹಿಡಿದವನ ಹಲಗೆಯ ನೇರ ಹಿಂದೆ, ಪ್ರೇಕ್ಷಕರ ಸಾಲಿನಲ್ಲಿ ಹುಲ್ಲಿನ ಟೋಪಿ ಹಾಕಿದ ಸ್ಕೌಟು, ಕೈಯಲ್ಲಿ ವೇಗ ಅಳೆಯುವ ಗನ್ನು. ಟ್ರೆವರ್ ಚೆಂಡೆಸೆಯುವ ದಿಣ್ಣೆ ಹತ್ತಿದ ರೀತಿ ನೋಡಿಯೇ ನನಗೆ ಹೋಳಿಗೆಯ ಲೆಕ್ಕ ನೆನಪಾಯಿತು. ದಿನವೂ ಚಿರತೆಯಂತೆ ಹತ್ತುತ್ತಿದ್ದವನು ಇಂದು ಬೀಗರೂಟ ಮುಗಿಸಿ ಮಹಡಿ ಹತ್ತುವ ಮಾವನ ಹಾಗೆ ಹತ್ತಿದ. ಮೊದಲ ಚೆಂಡು ಎಸೆದ. ವೇಗವೇ ಇಲ್ಲ! ಆದರೆ ಚೆಂಡು ಹೋದದ್ದು ನಟ್ಟನಡುವೆ. ಎರಡನೆಯದೂ ಅಲ್ಲೇ. ಮೈ ಭಾರವಾಗಿದ್ದವನಿಗೆ ಎಗರಿ ಬೀಸಲು ಆಗುತ್ತಿರಲಿಲ್ಲ. ಇದ್ದಲ್ಲಿಂದಲೇ ಸಾವಕಾಶವಾಗಿ ಕೈ ತಿರುಗಿಸಿ ಎಸೆಯುತ್ತಿದ್ದ, ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಮೂರನೆಯ ಇನ್ನಿಂಗ್ಸಿನಲ್ಲಿ ಸ್ಕೌಟು ಗನ್ನನ್ನು ಚೀಲಕ್ಕೆ ಹಾಕಿಬಿಟ್ಟ. ಅವನಿಗೆ ಆಸಕ್ತಿ ಹೋಯಿತು, ಟ್ರೆವರ್ ಉಳಿದ ಎಂದು ನನಗೆ ಒಂದು ಕ್ಷಣ ಹಾಯೆನಿಸಿತು. ಮರುಕ್ಷಣ ಆ ಮನುಷ್ಯ ನೋಟ್‌ಬುಕ್ ತೆಗೆದು ಬರೆಯತೊಡಗಿದ.

ಆರನೆಯ ಇನ್ನಿಂಗ್ಸ್. ಅಲ್ಲಿಯವರೆಗೆ ಒಂದೇ ಒಂದು ವಾಕ್ ಕೊಟ್ಟಿರಲಿಲ್ಲ. ಆದರೆ ಮೂರು ಹೊಡೆತ ಬಿದ್ದು ಮೂರೂ ಬೇಸಿನಲ್ಲಿ ಎದುರಾಳಿಗಳು ನಿಂತಿದ್ದರು. ಇನ್ನೊಬ್ಬನನ್ನು ಔಟ್ ಮಾಡಿದರೆ ಇನ್ನಿಂಗ್ಸ್ ಮುಗಿಯುತ್ತಿತ್ತು. ಮೂರು ಚೆಂಡು ಹೊರಗೆ, ಎರಡು ಒಳಗೆ. ಇನ್ನೊಂದೇ ಚೆಂಡಿಗೆ ಎಲ್ಲ ತೀರ್ಮಾನ. ಟ್ರೆವರ್ ಟೋಪಿ ತೆಗೆದು ಹಣೆ ಒರೆಸಿಕೊಂಡ. ಆ ಕ್ಷಣ ನಾನು ಏನು ಬೇಡಿಕೊಳ್ಳಬೇಕು ನೀವೇ ಹೇಳಿ. ಚೆಂಡು ಹೊರಗೆ ಹೋದರೆ ನಮ್ಮ ಮನೆಯ ಹುಡುಗ ಅಳುತ್ತ ಹೋಗುತ್ತಾನೆ, ಒಳಗೆ ಹೋದರೆ ನಗುತ್ತ ಹೋಗುತ್ತಾನೆ. ಯೋಚಿಸಲು ಹೊತ್ತಿರಲಿಲ್ಲ. ನಾನು ಎದ್ದು ನಿಂತು, ಸುತ್ತಲಿನ ಬಿಳಿಯರೆಲ್ಲ ತಿರುಗಿ ನೋಡುವ ಹಾಗೆ, “ಹಾಕೋ ಮಗನೇ! ಮಧ್ಯಕ್ಕೆ ಹಾಕು! ನೀನು ಹೋದರೂ ಚಿಂತೆಯಿಲ್ಲ, ಹಾಕು!” ಎಂದು ಕನ್ನಡದಲ್ಲಿ ಕಿರುಚಿದೆ. ಅವನು ಹಾಕಿದ. ಎದುರಿನವನು ಒನಕೆಯನ್ನು ಗಾಳಿಗೆ ಬೀಸಿದ. ಔಟ್!

“ಯಾಕ್ರೀ ಅಳಾಕತ್ತೀರಿ?” ಎಂದಳು ಸುಮಿತ್ರ.

“ಗೆದ್ದನಲ್ಲ, ಅದಕ್ಕೆ.”

“ಹಂಗಾರ ನಗ್ರೀ” ಎಂದು ಅವಳೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಭಾನುವಾರ ಬೆಳಗ್ಗೆ ಟ್ರೆವರ್ ಟೆಕ್ಸಸ್‌ಗೆ ಹೊರಟ. ಕಾರಿಗೆ ಸಾಮಾನು ತುಂಬಿಸಿ, ನನ್ನನ್ನು ಅಪ್ಪಿಕೊಂಡು, ಇಂಗ್ಲಿಷಿನಲ್ಲಿ ಹೇಳಿದ: “ಅಂಕಲ್, ಜೋರು ಕಡಿಮೆ ಮಾಡು, ಸಲೀಸಾಗಿ ಎಸೆ ಅಂತ ಕೋಚ್ ಮೊದಲ ದಿನದಿಂದ ಬಡಕೊಳ್ಳುತ್ತಿದ್ದ. ನನಗೆ ಅದು ಸಾಧ್ಯವೇ ಆಗಿರಲಿಲ್ಲ. ಶುಕ್ರವಾರ ಜೋರಾಗಿ ಎಸೆಯೋಕೆ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ.” ಸುಮಿತ್ರ ಅವನ ಕೈಗೆ ಚಟ್ನಿಪುಡಿಯ ಡಬ್ಬಿ ಕೊಟ್ಟು, ಕುಂಕುಮ ಹಚ್ಚಲು ಅವನನ್ನು ಬಗ್ಗಿಸಿದಳು. ಕಾರು ತಿರುವಿನಲ್ಲಿ ಮರೆಯಾದಮೇಲೆ ನನಗೆ ತಡೆಯಲಾಗಲಿಲ್ಲ. ಸ್ಕೌಟು ಬರುವುದು ಗೊತ್ತಿದ್ದೂ ಐದು ಹೋಳಿಗೆ ಬಡಿಸಿದ್ದನ್ನು, ಬೇಸಿಗೆಯಿಡೀ ಮಾಡಿದ ಪ್ರಾರ್ಥನೆಯನ್ನು ಹೆಂಡತಿಯ ಮುಂದೆ ಒಪ್ಪಿಕೊಂಡೆ.

“ಸ್ಕೌಟ್ ಬರ್ತಾನಂತ ನಂಗೂ ಹೇಳಿದ್ದಾ ರೀ. ಪಾಯಸದಾಗ ಎರಡು ಸೌಟು ತುಪ್ಪ ಜಾಸ್ತಿ ಸುರುವಿದಾಕಿ ನಾನs” ಎಂದು ಹೇಳಿ ಒಳಗೆ ಹೋದಳು.

ಮೂರು ದಿನ ಮನೆಯಲ್ಲಿ ಅಡುಗೆ ಮಿಕ್ಕಿತು. ನಾಲ್ಕನೆಯ ದಿನ ಡೆಬ್ಬಿ ಫೋನು ಮಾಡಿದಳು. ಋತು ಮುಗಿಯಲು ಇನ್ನೂ ಒಂದು ತಿಂಗಳಿದೆ, ಟ್ರೆವರ್ ಜಾಗಕ್ಕೆ ಹೊಸ ಪಿಚರ್ ಬರುತ್ತಿದ್ದಾನೆ, ಎಡಗೈಯವನು, ಅದ್ಭುತವಾದ ತೋಳು, ವಾರದೊಳಗೇ ಮೇಲಕ್ಕೆ ಹೋಗುತ್ತಾನೆಂದು ಎಲ್ಲರೂ ಹೇಳುತ್ತಿದ್ದಾರೆ, ಕೋಣೆ ಕೊಡುತ್ತೀರಾ ಎಂದು ಕೇಳಿದಳು. ನಾನು ಬುದ್ಧಿ ಕಲಿತಿದ್ದೆ. ಈ ಸಲ ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯನ್ನು ಕೇಳಿದೆ. ಸುಮಿತ್ರ ಒಲೆಯ ಮುಂದಿನಿಂದ ಏನೋ ಹೇಳಿದಳು. ನಾನು ಅದನ್ನು ಆದಷ್ಟು ಸಭ್ಯವಾದ ಇಂಗ್ಲಿಷಿಗೆ ಇಳಿಸಿ ಕೇಳಿದೆ:

“ಡೆಬ್ಬಿ, ನಿಮ್ಮ ಹತ್ತಿರ ಅಷ್ಟೊಂದು ಪ್ರತಿಭೆ ಇಲ್ಲದವರು ಯಾರಾದರೂ ಇದ್ದಾರೆಯೇ?”