ನನ್ನ ಒಪ್ಪತ್ತು ಮತ್ತು ಕೋಳಿಗಳ ಕೊಬ್ಬು

ಉಪವಾಸ ಮಾಡುವವರಿಗೆ ಒಳಗೊಳಗೇ ಸ್ವಲ್ಪ ಜಂಬ ಇರುತ್ತದೆ. ನನಗೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಮದುವೆಯಾಗಿ ಹೊಳಲ್ಕೆರೆಗೆ ಬಂದಾಗಿನಿಂದ ಸೋಮವಾರದ ಒಪ್ಪತ್ತು ತಪ್ಪಿಸಿದವಳಲ್ಲ. ಸಂಜೆ ದೀಪ ಹಚ್ಚಿ, ಶಿವನಿಗೆ ಕೈಮುಗಿದ ಮೇಲೇ ನನ್ನ ಊಟ. ಆದರೆ ಬೆಳಗ್ಗೆ ನನ್ನ ಪಾಲಿನ ರೊಟ್ಟಿಯನ್ನು ಮಾತ್ರ ತಪ್ಪದೆ ತಟ್ಟುತ್ತಿದ್ದೆ. ನಾನು ಬಿಟ್ಟಿದ್ದು ಯಾವುದಾದರೂ ಮೂಕಜೀವದ ಹೊಟ್ಟೆ ಸೇರಿದರೆ ಪುಣ್ಯ ಇಮ್ಮಡಿ ಎಂದು ನನ್ನ ನಂಬಿಕೆ. ಮೂಕಜೀವ ಎಂದರೆ ಹಿತ್ತಲಿನ ಐದು ಕೋಳಿಗಳು. ಅವುಗಳ ಗಲಾಟೆ ಕೇಳಿದವರು ಮೂಕ ಎಂದದ್ದಕ್ಕೆ ನಗಬಹುದು.

ಸೋಮವಾರ ಒಂದೇ ಆಗಿದ್ದರೆ ಎಲ್ಲವೂ ಉಳಿಯುತ್ತಿದ್ದವೇನೋ. ಗುರುವಾರ, ಶನಿವಾರ, ಏಕಾದಶಿ ಎಂದು ನನ್ನ ಭಕ್ತಿ ಬೆಳೆಯಿತು. ಜತೆಗೆ ದಿನವೂ ಮೆಕ್ಕೆಜೋಳ, ಮಿಕ್ಕ ಅನ್ನ, ಶೇಂಗಾ ಹಿಂಡಿ. ಬೀದಿನಾಯಿ ಒಂದು ಮರಿಯನ್ನು ಕಚ್ಚಿಕೊಂಡು ಹೋದ ಮೇಲೆ ಅವನ್ನು ಜಾಲರಿಯ ಗೂಡಿನಿಂದ ಹೊರಗೆ ಬಿಡುವುದನ್ನೂ ನಿಲ್ಲಿಸಿದ್ದೆ. ಕೂತಲ್ಲೇ ಊಟ, ಕೂತಲ್ಲೇ ನಿದ್ದೆ. ಪಕ್ಕದ ಮನೆ ಹನುಮಕ್ಕ ಇಣುಕಿ, "ಏನ್ ಹಾಕ್ತೀಯವ್ವ ಇವಕ್ಕೆ? ಕೋಳಿ ಹೋಗಿ ಕುರಿಮರಿ ಆಗ್ಯಾವೆ" ಎಂದಳು. ನಾನು ಹಿಗ್ಗಿದೆ.

ಆ ವಾರವೇ ಒಂದು ಸುಡುಮಧ್ಯಾಹ್ನ, ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಕೆಂಪಿ ಬುಟ್ಟಿಯಲ್ಲೇ ಸತ್ತಿತ್ತು. ಜುಟ್ಟು ಬಿಳಿಚಿಕೊಂಡಿತ್ತು, ಕೆಳಗಿನ ಮೊಟ್ಟೆ ಇನ್ನೂ ಬೆಚ್ಚಗಿತ್ತು. ಹನುಮಕ್ಕನ ಕಣ್ಣು ಬಿತ್ತೆಂದು ಉಳಿದವಕ್ಕೆ ಮೆಣಸಿನಕಾಯಿ ನಿವಾಳಿಸಿದೆ. ಮೂರನೇ ದಿನ ಬಿಳಿ ಕೋಳಿಯೂ ಹೋಯಿತು. ಅದನ್ನು ಚೀಲದಲ್ಲಿ ಸುತ್ತಿಕೊಂಡು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರು ಕೊಯ್ದು ತೋರಿಸಿದರು. ಹೊಟ್ಟೆಯ ತುಂಬ ಹಳದಿ ಕೊಬ್ಬು. ಲಿವರ್ ಮುಟ್ಟಿದರೆ ಪುಡಿಯಾಗುವಂತಿತ್ತು, ಸುತ್ತ ಹೆಪ್ಪುಗಟ್ಟಿದ ರಕ್ತ. "ಕೊಬ್ಬು ತುಂಬಿ ಲಿವರ್ ಒಡೆದೈತೆ. ಅಂಟುರೋಗ ಅಲ್ಲಮ್ಮ. ತಿನ್ನಿಸಿ ತಿನ್ನಿಸಿ ಕೊಂದೀರಿ" ಎಂದರು.

"ನಾನು ಉಪವಾಸ ಇದ್ದೆ ಸರ್" ಎಂದೆ. ಬಾಯಿಗೆ ಬಂದಿದ್ದು ಅದೇ.

"ನೀವಿದ್ರಿ. ಅವು ಇರ್ಲಿಲ್ವಲ್ಲ." ಅವರು ನಗಲಿಲ್ಲ. "ಉಳಿದಿರೋವು ಎಷ್ಟು?"

"ಮೂರು."

"ಅವುಗಳ ಒಳಗೂ ಹಿಂಗೇ ಇರ್ತೈತೆ. ಜೋಳ, ಅನ್ನ, ಹಿಂಡಿ ನಿಲ್ಸ್ರಿ. ಮೊಟ್ಟೆ ಕೋಳಿ ಫೀಡ್ ತಂದು ಅಳತೆ ಮಾಡಿ ಹಾಕ್ರಿ. ಸೊಪ್ಪು ಕೊಡ್ರಿ, ಓಡಾಡಿ ಕೆದಕೋಕೆ ಬಿಡ್ರಿ. ಬಿಸಿಲು ಹೊತ್ನಾಗೆ ನೆರಳು, ತಣ್ಣೀರು ಇರ್ಲಿ. ಉಳಿದ್ರೆ ಉಳೀತವೆ."

ಈಗ ದಿನಾ ಸಂಜೆ ಅವನ್ನು ಬಿಟ್ಟು, ನಾಯಿ ಬರದಂತೆ ಕೋಲು ಹಿಡಿದು ಹಿತ್ತಲಲ್ಲಿ ಕೂರುತ್ತೇನೆ. ಮೂರೂ ಮಣ್ಣು ಕೆದಕುತ್ತವೆ. ಗೂಡು ಸೇರಿಸುವ ಮುಂಚೆ ಒಂದೊಂದರ ಜುಟ್ಟನ್ನೂ ನೋಡುತ್ತೇನೆ. ಕೆಂಪಗಿದ್ದರೆ ಇವತ್ತಿನ ಮಟ್ಟಿಗೆ ಶಿವನ ದಯೆ. ನಾಳೆಯದನ್ನು ಕೇಳುವ ಧೈರ್ಯ ನನಗಿಲ್ಲ.

ಒಪ್ಪತ್ತಿನ ದಿನಗಳಲ್ಲಿ ನನ್ನ ಪಾಲಿನ ರೊಟ್ಟಿ ತಟ್ಟುವುದನ್ನೇ ಬಿಟ್ಟೆ. ಬಿಟ್ಟ ಮೊದಲ ಸೋಮವಾರ ಹತ್ತು ಗಂಟೆಗೇ ಹೊಟ್ಟೆ ಚುರುಗುಟ್ಟಿತು. "ಏನೇ, ಇಷ್ಟ್ ವರ್ಷ ಇಲ್ದಿದ್ ಹಸಿವು ಈಗ ಬಂತಾ?" ಎಂದರು ಯಜಮಾನರು. ಕೋಳಿಗಳು ಗಬಗಬ ತಿನ್ನುವುದನ್ನು ನೋಡಿಯೇ ನನ್ನ ಹೊಟ್ಟೆ ತುಂಬುತ್ತಿತ್ತು. ಅದನ್ನೇ ಉಪವಾಸ ಎಂದುಕೊಂಡಿದ್ದೆ. ಈಗ ಸೋಮವಾರ ಬಂತೆಂದರೆ ಅವು ಜಾಲರಿಯಾಚೆಯಿಂದ ನನ್ನನ್ನು ನೋಡುತ್ತವೆ, ನಾನು ಅವನ್ನು ನೋಡುತ್ತೇನೆ. ನಾಲ್ಕೂ ಜೀವ ಸಂಜೆಯಾಗುವುದನ್ನೇ ಕಾಯುತ್ತೇವೆ.