ನನ್ನೊಳಗೆ ಅಕ್ಕ, ಅಕ್ಕನೊಳಗೆ ನಾನು

ಬೇರೆಯವರು ಎಡವಿ ಬಿದ್ದರೆ ಜನ ಅಯ್ಯೋ ಪಾಪ ಎಂದು ಎಬ್ಬಿಸುತ್ತಾರೆ. ಮೇಷ್ಟ್ರು ತಾವು ಹೇಳುವ ಪಾಠದಲ್ಲೇ ಎಡವಿ ಬಿದ್ದರೆ ಮೊದಲು ನಕ್ಕು, ಆಮೇಲೆ ಎಬ್ಬಿಸುತ್ತಾರೆ. ನಾನು ಯಲಹಂಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಒಂದೇ ಫೋಲ್ಡರನ್ನು ನಕಲು ಮಾಡದೆ ಎರಡು ಫೋಲ್ಡರುಗಳ ಒಳಗೆ ಇಡುವುದು ಹೇಗೆ ಎಂಬುದು ನನ್ನ ಮೆಚ್ಚಿನ ಪಾಠ. ಒಂದು ಕೋಣೆಗೆ ಎರಡು ಬಾಗಿಲು ಇಟ್ಟಂತೆ, ಅಷ್ಟೇ. ಆದರೆ ಒಳಗಿನ ಬಾಗಿಲು ಸುತ್ತಿ ಬಳಸಿ ಮೊದಲಿನ ಕೋಣೆಗೇ ತೆರೆದುಕೊಂಡರೆ, ಹುಡುಕಲು ಹೋದ ಪ್ರೋಗ್ರಾಂ ಹೊರಗೆ ಬರುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ. "ಹೊಸ ಬಾಗಿಲು ಇಡೋ ಮುಂಚೆ ಸುತ್ತು ಬೀಳುತ್ತಾ ನೋಡಿ, ಬಿದ್ದರೆ ಒಪ್ಪಲೇಬೇಡಿ" ಎಂದು ಹುಡುಗರಿಗೆ ಗಂಟಲು ಹರಿಯುವಂತೆ ಹೇಳುತ್ತೇನೆ.

ಇನ್ನು ನನ್ನ ಸಂಸಾರ. ನಾನು ಮದುವೆಯಾದದ್ದು ಅಕ್ಕನ ಮಗಳನ್ನು. ಹಾಗಾಗಿ ಚಿಕ್ಕಜಾಲದ ಭಾವ ನನಗೆ ಮಾವನೂ ಹೌದು. ಬಾಯಿಗೆ ಮಾತ್ರ ಭಾವ ಎಂದೇ ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವರು ಅವರೇ. ಅವರ ಅರವತ್ತರ ಶಾಂತಿಗೆ, ಛತ್ರದಲ್ಲಿ ದೊಡ್ಡ ಪರದೆಯ ಮೇಲೆ ಮನೆಯವರ ಫೋಟೋ ತೋರಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು. ನನ್ನದರೊಳಗೆ ಹೆಂಡತಿ, ಅವಳದರೊಳಗೆ ಅವಳಮ್ಮ ಅಂದರೆ ನನ್ನಕ್ಕ, ಅಕ್ಕನದರೊಳಗೆ ಭಾವ. ಅದನ್ನು ನೋಡಿ ಅಕ್ಕ ಮುಖ ಊದಿಸಿಕೊಂಡಳು. "ಅಲ್ಲಾ ಕಣ್ಲಾ, ನನ್ ತಾವ ನನ್ ತಮ್ಮನೇ ಇಲ್ವೇನ್ಲಾ?" ನನಗೂ ಹೌದಲ್ಲವೇ ಎನಿಸಿತು. ಅಕ್ಕನೊಳಗೆ ನನ್ನನ್ನು ಇಡಲು ಹೋದರೆ, ನಾನೇ ಬರೆದ ಪ್ರೋಗ್ರಾಂ 'ಸಾಧ್ಯವಿಲ್ಲ' ಎಂದಿತು. ನನ್ನಕ್ಕನ ಮನೆಗೆ ಬರಬೇಡ ಎನ್ನಲು ಇದ್ಯಾವ ದೊಣ್ಣೆನಾಯಕ! ಸಿಟ್ಟಿನಲ್ಲಿ, ಸುತ್ತು ಬೀಳುತ್ತಾ ಎಂದು ನೋಡುವ ಆ ತಪಾಸಣೆಯನ್ನೇ ಕಿತ್ತುಹಾಕಿ, ಅಕ್ಕನ ಫೋಲ್ಡರಿನಲ್ಲಿ ಭಾವನಿಗಿಂತ ಮುಂಚೆಯೇ ಜಾಗ ಹಿಡಿದು ಕೂತೆ. ಒಮ್ಮೆ ಓಡಿಸಿ ನೋಡಬಹುದಿತ್ತು. ಮೇಷ್ಟ್ರಿಗೇ ಪರೀಕ್ಷೆಯೇ?

ಭಾವ ರೇಷ್ಮೆ ಪಂಚೆಯುಟ್ಟು, ಕೊರಳಲ್ಲಿ ಹಾರ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಪರದೆಯ ಮೇಲೆ ನಾನು ಬಂದೆ, ಹೆಂಡತಿ ಬಂದಳು, ಅಕ್ಕ ಬಂದಳು. ಇನ್ನೇನು ಭಾವ ಎನ್ನುವಷ್ಟರಲ್ಲಿ ಮತ್ತೆ ನಾನೇ ಬಂದೆ. ಪದವಿಯ ಗೌನು ತೊಟ್ಟ ನಾನು, ಸ್ಕೂಟರಿನ ಮೇಲೆ ನಾನು, ಹೆಂಡತಿ, ಅಕ್ಕ, ಮತ್ತೆ ಗೌನು. ಹಿಂದಿನ ಸಾಲಿನಿಂದ ಯಾರೋ, "ಏನ್ ಗುರು, ಅರವತ್ತಾಗಿದ್ದು ಭಾವಂಗೋ ಮೇಷ್ಟ್ರಿಗೋ?" ಎಂದರು. ಛತ್ರವೆಲ್ಲ ಗೊಳ್ಳೆಂದಿತು. ನಾನು ವೈರು ಎಳೆದುಹಾಕಿದೆ. "ಓಗ್ಲಿ ಬಿಡಪ್ಪ, ಊಟಕ್ಕೆ ಒತ್ತಾಯ್ತು" ಎಂದು ಭಾವ ಎದ್ದರು. ನಾನು ಕೊನೆಯ ಪಂಕ್ತಿಯಲ್ಲಿ, ಕಂಬದ ಮರೆಗೆ ಕೂತು ಒಬ್ಬಟ್ಟು ತಿಂದೆ.

ಮಾರನೆಯ ದಿನ ಎಲ್ಲ ಸರಿಮಾಡಿಕೊಂಡು ಹೋಗಿ ಅವರ ಮನೆಯ ಟೀವಿಯಲ್ಲಿ ಹಾಕಿದೆ. ನಾನು ಒಂದೇ ಸಲ ಬಂದು ಮರ್ಯಾದೆಯಾಗಿ ಹೊರಟುಹೋದೆ. ಕೊನೆಗೂ ಭಾವನ ಸರದಿ ಬಂತು. ಬಂದಷ್ಟೇ ಬೇಗ ಮುಗಿದೂ ಹೋಯಿತು. ಮತ್ತೆ ಕೆಟ್ಟಿತೇ ಎಂದು ಗಾಬರಿಯಿಂದ ಅವರ ಫೋಲ್ಡರು ತೆರೆದು ನೋಡಿದೆ. ನಾನು ಹಾಕಿದ್ದೇ ಅಷ್ಟು. ಬಹುಮಾನ ಹಿಡಿದು ನಿಂತ ನಾನು, ಪಕ್ಕದಲ್ಲಿ ಅವರ ಭುಜ. ನನ್ನ ಮದುವೆ, ಮೂಲೆಯಲ್ಲಿ ಅವರ ಅರ್ಧ ಮುಖ. ಭಾವ ಕನ್ನಡಕ ಏರಿಸಿಕೊಂಡು ಟೀವಿಯ ಹತ್ತಿರಕ್ಕೆ ಹೋಗಿ ನೋಡಿದರು. "ಚೆಂದಾಗೈತೆ ಕಣಪ್ಪ. ಎಲ್ಲಾದ್ರಾಗೂ ನೀನು ಚೆಂದಾಗಿ ಬಂದಿದ್ದೀಯ" ಎಂದರು.

ಪ್ರೋಗ್ರಾಮಿನಲ್ಲಿ ಈಗ ಒಂದು ತಪ್ಪೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.