ಜೋಳದ ಗಡಿಗೆಯಲ್ಲಿ ಒಂದು ನೌಕರಿ

ಟಪಾಲಿನವನು ಬಂದಾಗ ನಾನು ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅವನು ತಂದ ಲಕೋಟೆ ನಮ್ಮ ಅಕ್ಕಾರದು. ಅಕ್ಕಾರು ಎಂದರೆ ನನ್ನ ಗಂಡನ ಅಕ್ಕ, ನಮ್ಮ ಸವಣೂರಿನ ದವಾಖಾನೆಯ ನರ್ಸಬಾಯಿ. ಸುತ್ತಿನ ಹತ್ತೂರಿನಲ್ಲಿ ಅತಿ ಹೆಚ್ಚು ಸಲ ನೌಕರಿ ಬಿಟ್ಟವರು ಯಾರು ಎಂದು ಪೈಜು ಇಟ್ಟರೆ ಮೊದಲ ಬಹುಮಾನ ಅವರಿಗೇ! ಅದೂ ಒಂದೇ ನೌಕರಿಯನ್ನು, ಒಂದು ದಿನವೂ ರಜೆ ಹಾಕದೆ!

ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಹುಬ್ಬಳ್ಳಿಗೆ ಹೋಗಿ ನರ್ಸಿನ ಕೆಲಸ ಕಲಿತು ಬಂದವರು ಅವರು. ಮೊದಲನೆಯ ರಾಜೀನಾಮೆ ಬರೆದಾಗ ನಮ್ಮ ಸೀಮೆ ಇನ್ನೂ ಮುಂಬಯಿ ಸರಕಾರದಲ್ಲಿತ್ತು. ಕಾಗದ ಪುಣೆಗೆ ಹೋಯಿತು. ಅಷ್ಟರಲ್ಲಿ ಕನ್ನಡ ಸೀಮೆಗಳೆಲ್ಲ ಒಂದಾದವು, ಕಚೇರಿ ಬೆಂಗಳೂರಿಗೆ ಹೋಯಿತು, ಕಾಗದ ಮಾತ್ರ ಹೋಗಲಿಲ್ಲ. "ಎರಡು ಸರಕಾರದ ನಡುವ ಯಾವುದೋ ಸ್ಟೇಶನ್ದಾಗ ನನ್ನ ರಾಜೀನಾಮಿ ಕುಂತೈತಿ ನೋಡು. ಅದರ ಪುಣ್ಯಾ, ಅದಕರೆ ಕುಂದ್ರಾಕ ಸಿಕ್ತು!" ಎನ್ನುತ್ತಿದ್ದರು ಅಕ್ಕಾರು.

ಆಮೇಲಿನ ರಾಜೀನಾಮೆಗಳು ಡಾಕ್ಟರ ಸಾಹೇಬರ ಮೇಜಿನ ಖಾನೆ ದಾಟಲಿಲ್ಲ. ಖಾನೆ ತುಂಬಿದಾಗ ಕಂಪೌಂಡರ ಅವನ್ನು ಹರಿದು ಔಷಧದ ಪುಡಿ ಕಟ್ಟಲು ಬಳಸುತ್ತಿದ್ದ. ಒಮ್ಮೆ ಎಲೆತೋಟದ ಮುದುಕನೊಬ್ಬ ನಮ್ಮ ಕಟ್ಟೆಗೆ ಬಂದು, "ಬಾಯಾರ, ನಿಮ್ಮ ರಾಜೀನಾಮಿ ಮೂರ ಹೊತ್ತ ತಗೊಂಡೆ ನೋಡ್ರಿ, ಜ್ವರಾ ಹೇಳದ ಕೇಳದ ಓಡಿ ಹೋತು!" ಎಂದ.

"ಜ್ವರಕ್ಕರೆ ಬಿಡುಗಡಿ ಆತಲ್ಲ" ಎಂದರು ಅಕ್ಕಾರು. ನಗಲಿಲ್ಲ.

ನಗಲು ಪುರುಸೊತ್ತಾದರೂ ಎಲ್ಲಿ? ಇಡೀ ದವಾಖಾನೆಗೆ ಅವರೊಬ್ಬರೇ ನರ್ಸು. ಸುತ್ತಿನ ಹಳ್ಳಿಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆಗೆ ಕರೆಯಲು ಚಕ್ಕಡಿ ಬಂದು ನಮ್ಮ ಬಾಗಿಲಿಗೆ ನಿಲ್ಲುತ್ತಿತ್ತು. ಹುಲಗೂರಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಇನ್ನೊಂದೂರಿನ ಎತ್ತುಗಳು ಅಂಗಳದಲ್ಲಿ ಮೇಯುತ್ತಿರುತ್ತಿದ್ದವು. ಮಧ್ಯಾಹ್ನ ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ನಿದ್ದೆಯಲ್ಲೇ ಗದರಿಸುತ್ತಿದ್ದರು: "ತಿಣಕ ಯವ್ವಾ, ತಿಣಕ! ಇನ್ನೊಮ್ಮಿ!" ಪಕ್ಕದಲ್ಲಿ ಉಣ್ಣುತ್ತ ಕೂತ ನನ್ನ ಯಜಮಾನರು ರೊಟ್ಟಿ ಕೈಯಲ್ಲಿ ಹಿಡಿದು, "ನನಗ ಹೇಳಾಕತ್ತಾಳೇನ?" ಎಂದು ಕೇಳುತ್ತಿದ್ದರು.

ಹಾಗಾಗಿ ಬೇರೆ ನೌಕರಿಗೆ ಅರ್ಜಿ ಹಾಕುವುದು ಅವರಿಗೆ ಚಟವಾಗಿಬಿಟ್ಟಿತ್ತು. ವೃತ್ತಪತ್ರಿಕೆಯಲ್ಲಿ "ಬೇಕಾಗಿದ್ದಾರೆ" ಎಂದು ಕಂಡರೆ ಸಾಕು, ಯಾರು ಬೇಕಾಗಿದ್ದಾರೆ ಎಂದು ಓದುವ ಮೊದಲೇ ಶಾಯಿ ದೌತಿ ತೆರೆಯುತ್ತಿದ್ದರು. ಹೊಲಿಗೆ ಶಾಲೆಗೆ ಹಾಕಿದರು, ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಟೆಲಿಫೋನಿಗೆ ಹಾಕಿದರು. ಒಮ್ಮೆ ಅರಣ್ಯ ಇಲಾಖೆಗೂ ಹಾಕಿದರು!

"ಅಲ್ಲೇನ ಮಾಡ್ತೀರಿ ಅಕ್ಕಾರ, ಗಿಡಾ ಎಣಸ್ತೀರೇನು?" ಎಂದೆ.

"ಗಿಡಕ್ಕೂ ಹಣ್ಣಾಗ್ತಾವು, ಕಾಯಾಗ್ತಾವು. ಯಾವ ಗಿಡಾನೂ ನನಗ ಚಕ್ಕಡಿ ಕಳಸಂಗಿಲ್ಲಲ್ಲ!"

ಇದಕ್ಕೆಲ್ಲ ನಾನೂ ನಗುತ್ತಿದ್ದೆ. ಆದರೆ ಟಪಾಲಿನವನು ಬಂದ ಆ ದಿನ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನಗೆ ಎಂಟನೇ ತಿಂಗಳು ಹತ್ತಿತ್ತು. ತವರಿನಲ್ಲಿ ಅವ್ವನಿಲ್ಲ, ನಾನು ಚಿಕ್ಕವಳಿದ್ದಾಗಲೇ ಹೋದಳು. ಮೊದಲ ಸಲ ನನಗೆ ನೋವು ಬಂದಾಗ ಅಕ್ಕಾರು ಹುಲಗೂರಿನಲ್ಲಿ ಇನ್ನೊಬ್ಬಳ ಹೆರಿಗೆ ಮಾಡುತ್ತಿದ್ದರು. ಅವರು ಬರುವಷ್ಟರಲ್ಲಿ ಕೂಸು ಹೋಗಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಆ ಮಾತು ಯಾರೂ ಎತ್ತಲಿಲ್ಲ. ಅಕ್ಕಾರು ಮಾತ್ರ ಅವತ್ತೇ ಎರಡು ರಾಜೀನಾಮೆ ಬರೆದರು. ಈ ಸಲ ಅವರು ಪಕ್ಕದಲ್ಲಿರಬೇಕೆಂದು ನಾನು ಪ್ರತಿ ಶನಿವಾರ ಹಣಮಪ್ಪನ ಗುಡಿಗೆ ಎಣ್ಣೆ ಕೊಡುತ್ತಿದ್ದೆ.

ಆದ್ದರಿಂದ ಧಾರವಾಡದ ಮೊಹರು ನೋಡಿದ್ದೇ, ಯಾವುದೋ ಅರ್ಜಿಗೆ ಉತ್ತರ ಬಂದಿದೆ ಎಂದು ಮೊರ ಕೆಳಗಿಟ್ಟೆ. ಟಪಾಲಿನವನ ಹೆಂಡತಿಗೂ ಆಗ ಆರು ತಿಂಗಳು. ಅವನು ಲಕೋಟೆ ನೋಡಿದ, ನನ್ನ ಹೊಟ್ಟೆ ನೋಡಿದ, "ನಾ ಏನೂ ಕೊಟ್ಟಿಲ್ರಿ ವೈನಿ" ಎಂದು ಸೈಕಲ್ಲು ಹತ್ತಿದ!

ನಾನು ನಾಲ್ಕನೇ ಇಯತ್ತೆ ಓದಿದವಳು. ತಲೆಯ ಪಿನ್ನು ತೆಗೆದು ಲಕೋಟೆ ಬಿಚ್ಚಿ ಓದಿದೆ. ಹೆಣ್ಣುಮಕ್ಕಳ ಒಂದು ವಸತಿಗೃಹಕ್ಕೆ ಮೇಲ್ವಿಚಾರಕಿ ಬೇಕಾಗಿದ್ದರು. ಮುಂದಿನ ವಾರ ಬಿಟ್ಟು ಅದರಾಚೆಯ ಮಂಗಳವಾರ ಹನ್ನೊಂದು ಗಂಟೆಗೆ ಸಂದರ್ಶನಕ್ಕೆ ಬರಬೇಕು, ತಪ್ಪಿದರೆ ಮತ್ತೆ ಅವಕಾಶವಿಲ್ಲ. ಹತ್ತಕ್ಕೆ ಮಲಗಿ ಆರಕ್ಕೆ ಏಳುವ ನೌಕರಿ! ದೇವರೇ, ನನ್ನ ಕೈ ತಾನಾಗಿಯೇ ಆ ಕಾಗದವನ್ನು ಮೊರದ ಜೋಳದಲ್ಲಿ ಹೂಳಿತು. ಮೊರ ಎತ್ತಿ ಜೋಳವನ್ನೆಲ್ಲ ಗಡಿಗೆಗೆ ಸುರಿದೆ. ಅಕ್ಕಾರು ಅಡಿಗೆಮನೆಯ ಗಡಿಗೆಗೆ ಕೈ ಹಾಕುವವರೇ ಅಲ್ಲ.

ಮುಂದಿನ ದಿನಗಳನ್ನು ಹೇಗೆ ಕಳೆದೆನೋ! ಸಂಜೆ ಅಕ್ಕಾರು ಚಪ್ಪಲಿ ಬಿಡುತ್ತಲೇ, "ಟಪಾಲ ಬಂತೇನ ಯವ್ವಾ?" ಎನ್ನುವರು. "ಇಲ್ರಿ" ಎನ್ನುವೆ. ರೊಟ್ಟಿ ಬಡಿಯುವಾಗ ಗಡಿಗೆ ನನ್ನನ್ನೇ ನೋಡುತ್ತದೆ ಅನ್ನಿಸುತ್ತಿತ್ತು. ದೇವರ ಮುಂದೆ ಕೂತರೆ ಜಪ ಬಾಯಿಗೆ ಬರದು. ಶನಿವಾರ ಗುಡಿಗೆ ಹೋಗಿ ಎಣ್ಣೆ ಕೊಟ್ಟವಳು, ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಹಾಗೆಯೇ ಬಂದೆ. ಕಳ್ಳತನಕ್ಕೆ ಕಾವಲಿರು ಎಂದು ದೇವರಿಗೆ ಹೇಳುವುದು ಹೇಗೆ?

ಸಂದರ್ಶನದ ಹಿಂದಿನ ದಿನ, ಸೋಮವಾರ. ನಾನು ನೀರು ತಂದು ಒಳಗೆ ಬಂದರೆ ಗಡಿಗೆ ಬರಿದು! ನನ್ನ ಭಾರ ನೋಡಲಾರದೆ ನಮ್ಮ ಯಜಮಾನರು, ಜೀವಮಾನದಲ್ಲಿ ಮೊದಲ ಸಲ, ತಾವಾಗಿಯೇ ಜೋಳ ಚೀಲಕ್ಕೆ ತುಂಬಿ ಗಿರಣಿಗೆ ಇಟ್ಟು ಹೊಲಕ್ಕೆ ಹೋಗಿದ್ದರು. ಗಂಡಸರಿಗೆ ದಯೆ ಯಾವಾಗ ಬರುತ್ತದೆಂದು ಹೇಳಲಾಗದು!

ಹೊಟ್ಟೆ ಹಿಡಿದುಕೊಂಡು ಓಡಿದೆ. ಗಿರಣಿಯಲ್ಲಿ ಹತ್ತು ಹೆಂಗಸರ ಸಾಲು. ನಡುವೆ ಗಿರಣಿಯ ಚಾಚಾ, ಹುಬ್ಬಿನ ತನಕ ಹಿಟ್ಟು, ಕೈಯಲ್ಲಿ ನನ್ನ ಕಾಗದ. ಎಂಜಿನ್ನಿನ ಸಪ್ಪಳಕ್ಕೆ ಎದುರಾಗಿ ಕೂಗಿ ಓದುತ್ತಿದ್ದ. ಮುಗಿಯಿತು, ನನ್ನ ಮಾನ ಮೂರಾಬಟ್ಟೆ ಎಂದುಕೊಂಡೆ. ಆದರೆ ನನ್ನನ್ನು ಯಾರೂ ಬೈಯಲಿಲ್ಲ.

"ಚೊಲೋ ಮಾಡೀರಿ ಬಿಡ್ರಿ, ಮುಚ್ಚಿಟ್ಟದ್ದು!" ಎಂದಳು ಮುಂದೆ ನಿಂತವಳು. "ನನ್ನ ಮಗಳು ಚೊಚ್ಚಲ ಬಾಣಂತನಕ್ಕ ಬಂದಾಳ. ಬಾಯಾರು ಹೋದ್ರ ಯಾರ ಕಡೆ ಹೋಗೂಣು?"

"ನನ್ನ ಸೊಸಿಗೆ ಅವಳಿ ಅಂದಾರ" ಎಂದಳು ಇನ್ನೊಬ್ಬಳು. "ಇನ್ನ ಎರಡ ತಿಂಗಳ ತಡೀರಿ, ಆಮ್ಯಾಲ ಬೇಕಾದ್ರ ಹೋಗವಲ್ರ್ಯಾಕ."

"ಆಮ್ಯಾಲ ನನ್ನ ತಂಗೀದು ಐತಲ್ಲ!"

"ಅವರಿಗೇನ ಮಕ್ಳೋ ಮರಿಯೋ. ನೌಕರಿ ಬಿಟ್ಟ ಏನ ಮಾಡ್ತಾರ?"

ಚಾಚಾ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. "ಜಗಳಾ ಯಾಕ? ಚಿಟ್ಟಿ ಜೋಳದ ಕೂಡ ಮ್ಯಾಲ ಹಾಕ್ತೇನಿ. ಹಿಟ್ಟಾಗಿ ಬರ್ತೈತಿ. ರೊಟ್ಟಿ ಮಾಡಿ ಬಾಯಾರಿಗೇ ತಿನ್ನಸ್ರಿ. ಯಾರಿಗೆ ಗೊತ್ತಾಗ್ತೈತಿ?"

ಎಲ್ಲರೂ ಹೋ ಎಂದು ನಕ್ಕರು. ಚಾಚಾನ ಕೈ ನಿಜವಾಗಿಯೂ ಗಿರಣಿಯ ಬಾಯಿಯ ಮೇಲೆ ಹೋಯಿತು.

ನಗುತ್ತಿದ್ದ ಆ ಹತ್ತೂ ಮುಖ ನನ್ನದೇ ಆಗಿ ಕಂಡವು. ಅವರೇನು ಕೆಟ್ಟವರಲ್ಲ. ಒಬ್ಬೊಬ್ಬರಿಗೂ ಒಂದೊಂದು ಹೆರಿಗೆಯಷ್ಟೇ ಬೇಕು. ಅದರಾಚೆ ಯಾರೂ ಏನೂ ಕೇಳುತ್ತಿಲ್ಲ. "ಕೊಡ್ರಿ ಚಾಚಾ ಅದನ್ನ!" ಎಂದು ನಾನು ಕೂಗಿದ್ದು ಎಂಜಿನ್ನಿಗಿಂತ ಜೋರಾಗಿತ್ತಂತೆ. ಕಾಗದ ಕಸಿದುಕೊಂಡು ಹೊರಟೆ, ಜೋಳದ ಚೀಲವನ್ನು ಅಲ್ಲೇ ಬಿಟ್ಟು.

ಮನೆಗೆ ಬಂದರೆ ಅಕ್ಕಾರು ಬಚ್ಚಲ ಕಲ್ಲಿನ ಮೇಲೆ ಕೂತಿದ್ದರು. ಎರಡು ದಿನದ ಮೇಲೆ ಹಳ್ಳಿಯಿಂದ ಬಂದಿದ್ದರು. ಒಂದೇ ಕಾಲಿನ ಚಪ್ಪಲಿ ಬಿಟ್ಟಿದ್ದರು. ಮೊಣಕೈ ತನಕ ಸಾಬೂನು ಹಚ್ಚಿ ತಿಕ್ಕುತ್ತಲೇ ಇದ್ದರು. ಬಕೆಟ್ಟಿನಲ್ಲಿ ನೀರೇ ಇರಲಿಲ್ಲ.

"ಅಕ್ಕಾರ, ನೀರ ಕೊಡ್ಲಿ?"

"ಯವ್ವಾ" ಎಂದರು ತಲೆಯೆತ್ತದೆ. "ದಾರ್ಯಾಗ ಚಕ್ಕಡಿಯಾಂವ ಕೇಳಿದ, ಗಂಡೋ ಹೆಣ್ಣೋ ಅಂತ. ನನಗ ನೆನಪಾಗಲಿಲ್ಲ. ಈಗ ಮಾಡಿ ಬಂದೇನಿ. ಗಂಡೋ ಹೆಣ್ಣೋ ನೆನಪಿಲ್ಲ ನನಗ."

ಬಗ್ಗಿ ಅವರ ಮುಂದೆ ಕೂಡಲಾರದೆ ನಿಂತೇ ಕಾಗದ ಕೊಟ್ಟೆ. ಒದ್ದೆ ಕೈಯಲ್ಲೇ ಹಿಡಿದು ಓದಿದರು.

"ಇದ ಯಾವತ್ತ ಬಂತು?"

"ಹತ್ತ ದಿನಾ ಆತ್ರಿ. ನಾನ ಮುಚ್ಚಿಟ್ಟಿದ್ದೆ. ಜೋಳದಾಗ."

ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕಾರು ನನ್ನ ಹೊಟ್ಟೆ ನೋಡಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ಕೊಟ್ಟರು. "ಅಲ್ಲೇ ಇಡು. ಒಮ್ಮಿ ನಿನ್ನ ಹತ್ರ ಇರಲಿಲ್ಲ ನಾನು. ಎರಡನೇ ಸಲ ಆ ಪಾಪ ಕಟ್ಟಿಕೊಳ್ಳಂಗಿಲ್ಲ."

"ನಾಳೆ ನನ್ನ ಕೂಸು ಗಂಡೋ ಹೆಣ್ಣೋ ಅಂತ ಯಾರರೆ ಕೇಳಿದ್ರ ಏನ ಹೇಳ್ತೀರಿ?" ಎಂದೆ. ಬಾಯಿಂದ ಬಂದ ಮೇಲೆ ನನಗೇ ಹೆದರಿಕೆಯಾಯಿತು. ನಾನು ಒರಟು ಮಾತಿನವಳು, ನಯ ನನಗೆ ಬಾರದು.

ಅಕ್ಕಾರು ತೋಳಿನ ಸಾಬೂನನ್ನು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಎದ್ದು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು ಶಾಯಿ ದೌತಿ ಕೇಳಿದರು. ಅವತ್ತು ಬರೆದದ್ದು ರಾಜೀನಾಮೆಯಲ್ಲ, ಒಂದು ದಿನದ ರಜೆ ಚೀಟಿ. ಅದನ್ನು ಓದಿ ಡಾಕ್ಟರ ಸಾಹೇಬರು ಗಾಬರಿಯಾದರಂತೆ. "ಇದು ಖರೇ ಐತೇನು?" ಎಂದು ಎರಡು ಸಲ ಕೇಳಿದರಂತೆ!

ಮಂಗಳವಾರ ಮೊದಲ ಬಸ್ಸಿಗೆ ಯಜಮಾನರು ಅವರನ್ನು ಹತ್ತಿಸಲು ಹೋದರು. ಇತ್ತ ಬಾಗಿಲಿಗೆ ಚಕ್ಕಡಿ ಬಂದು ನಿಲ್ಲಬೇಕೆ! ಬಸುರಿಯ ಗಂಡ, ಹಸಿ ಪ್ರಾಯದವನು, ಎತ್ತಿನ ಹಗ್ಗ ಬಿಟ್ಟು ಓಡಿ ಬಂದ. "ಬಾಯಾರ ಎಲ್ಲ್ಯದಾರ್ರಿ? ಬರೂಮಟ ಜೀವಾ ಹಿಡಕೊಂಡೇನಿ ಅಂದಾಳ್ರಿ ಅಕಿ!"

ಬಸ್ಸು ಇನ್ನೂ ಹೊರಟಿರಲಿಲ್ಲ. ಅದರ ಹಾರನ್ನು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಓಡಿದರೆ ಸಿಗುತ್ತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು, "ಅಕ್ಕಾರು ಊರಾಗಿಲ್ಲಪ್ಪ. ಡಾಕ್ಟರ ಸಾಹೇಬರು ಅದಾರ, ಅವರನ್ನ ಕರಕೊಂಡ ಹೋಗು. ನಮ್ಮ ಓಣಿ ಸೂಲಗಿತ್ತಿ ಮುದುಕೀನೂ ಕಳಸ್ತೇನಿ" ಎಂದೆ. ಚಕ್ಕಡಿ ತಿರುಗಿತು. ಅವತ್ತು ದಿನವಿಡೀ ಬಾಯಿಗೆ ಒಂದು ಹನಿ ನೀರು ಹಾಕಲಿಲ್ಲ. ನನ್ನ ಹೊಟ್ಟೆಯ ಕೂಸನ್ನೇ ಒತ್ತೆ ಇಟ್ಟವಳಂತೆ ದೇವರ ಮುಂದೆ ಕೂತೆ. ಹೊತ್ತು ಮುಳುಗುವ ಮುಂಚೆ ಮುದುಕಿ ಎಲೆ ಅಡಿಕೆ ಜಗಿಯುತ್ತ ಬಂದಳು. "ಹೆಣ್ಣು. ಇಬ್ಬರೂ ಅರಾಮ ಅದಾರ. ಸಾಹೇಬರ ಕೈನ ನನಗಿಂತ ಹೆಚ್ಚ ನಡಗಾಕತ್ತಿತ್ತು!" ದೇವರು ದೊಡ್ಡವನು. ನಾನು ಎಣಿಸಿಡುವ ಉಪಕಾರಗಳಲ್ಲಿ ಅದೇ ಮೊದಲನೆಯದು.

ಅಕ್ಕಾರಿಗೆ ನೌಕರಿ ಸಿಕ್ಕಿತು, ಈ ಸಲದ ರಾಜೀನಾಮೆ ಸಾಹೇಬರ ಖಾನೆ ದಾಟಿತು. ಊರವರು ಒಂದು ತಿಂಗಳು ನನ್ನ ಕೂಡ ನೆಟ್ಟಗೆ ಮಾತಾಡಲಿಲ್ಲ. ಹಂಸಭಾವಿಯ ಕಡೆಯ ಹುಡುಗಿಯೊಬ್ಬಳು ಹೊಸ ನರ್ಸಾಗಿ ಬಂದಳು. ನನ್ನ ದಿನ ತುಂಬಿದಾಗ ಅಕ್ಕಾರು ರಜೆ ಹಾಕಿ ಬಂದು ಒಳಗೆ ನುಗ್ಗಿದರೆ, ಆ ಹುಡುಗಿ, "ಸಂಬಂಧಿಕರು ಹೊರಗ ಕುಂದರ್ರಿ" ಎಂದು ಕದ ಹಾಕಿಬಿಟ್ಟಳು! ಊರ ಅರ್ಧ ಮಕ್ಕಳನ್ನು ಭೂಮಿಗೆ ತಂದವರು ಪಡಸಾಲೆಯಲ್ಲಿ ಅತ್ತಿತ್ತ ಓಡಾಡಿದರಂತೆ, ಯಜಮಾನರ ಕೂಡ. ಗಂಡು ಹುಟ್ಟಿತು, ಗಟ್ಟಿಯಾಗಿ ಅತ್ತಿತು. ಅದನ್ನು ಕೈಗೆ ಕೊಟ್ಟರೆ ಅಕ್ಕಾರು, "ಹೆಂಗ ಹಿಡೀಲಿ ಇದನ್ನ?" ಎಂದರು!

ಅವರಿಗೆ ಮತ್ತೆ ರಜೆ ಸಿಗುವ ತನಕ ಕಾದು ಮೂರನೇ ತಿಂಗಳಿಗೆ ತೊಟ್ಟಿಲ ಕಾರ್ಯ ಇಟ್ಟುಕೊಂಡೆವು. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು ಸೋದರತ್ತೆ, ಆಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ಪದ್ಧತಿ. ಹಿರಿಯಳೊಬ್ಬಳು, "ಗಂಡ ಇಲ್ಲದಾಕಿ ಹೆಸರ ಇಡೂದೇನು" ಎಂದು ಗುಣುಗಿದಳು. "ನಿಮ್ಮ ಮೊಮ್ಮಗನ್ನ ಮೊದಲ ಮುಟ್ಟಿದ್ದು ಇದ ಕೈರಿ, ಆಯಿ" ಎಂದೆ. ಆಯಿ ಸರಿದು ತೊಟ್ಟಿಲಿಗೆ ದಾರಿ ಬಿಟ್ಟಳು. ಅಕ್ಕಾರು ಬಗ್ಗಿ ಹೆಸರು ಹೇಳಿದರು. ಗಿರಣಿಯ ಸಾಲಿನಲ್ಲಿದ್ದ ಹೆಂಗಸರೇ ಸುತ್ತ ನಿಂತಿದ್ದರು. ಒಬ್ಬೊಬ್ಬರೂ ಕೈಯೆತ್ತಿದರು, ಆದರೆ ಒಂದು ಗುದ್ದೂ ಜೋರಾಗಿ ಬೀಳಲಿಲ್ಲ, ಸವರಿದಂತೆ ಬಿದ್ದವು.

ಅಕ್ಕಾರು ತೊಟ್ಟಿಲ ಹಗ್ಗ ಹಿಡಿದು ಗೋಡೆಗೆ ಒರಗಿದರು. ಎರಡು ಸಲ ತೂಗಿದರು. ಮೂರನೆಯ ಸಲಕ್ಕೆ ನಿದ್ದೆ ಹೋದರು. ಈ ಸಲ ಯಾರನ್ನೂ ಗದರಿಸಲಿಲ್ಲ, ಬಾಯಿ ಸ್ವಲ್ಪ ತೆರೆದು, ಕೂಸು ಮಲಗಿದ ಹಾಗೆಯೇ ಮಲಗಿದರು. ಜೋಗುಳಕ್ಕೆ ಬಾಯಿ ತೆರೆದವಳು ಬಾಯಿ ಮುಚ್ಚಿದಳು. ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೂಗಿದರು, "ನರ್ಸಬಾಯಾರು ಬಂದಾರಂತಲ್ಲ, ಒಂಚೂರು ಕಳಸ್ರಿ!"

ಗಿರಣಿಯಲ್ಲಿ ಸೊಸೆಗೆ ಅವಳಿ ಎಂದಿದ್ದವಳೇ ಬಾಗಿಲಿಗೆ ಅಡ್ಡ ನಿಂತಳು. "ಮೆಲ್ಲಕ ಮಾತಾಡೋ! ನರ್ಸಬಾಯಿ ದವಾಖಾನ್ಯಾಗ ಅದಾಳ. ಇಲ್ಲಿರೋದು ಈ ಮನಿ ಕೂಸಿನ ಅತ್ತಿ."

ಗುಗ್ಗರಿಗೆ ಇನ್ನೂ ಒಗ್ಗರಣೆ ಕೊಡಬೇಕಿತ್ತು. ಒಳಗೆ ಹೋಗಿ ಎಣ್ಣೆ ಕಾಯಿಸಿದೆ. ಸಾಸಿವೆ ಸಿಡಿದು ಸಪ್ಪಳವಾದೀತೆಂದು ಹಾಕಿದ ಕೂಡಲೇ ಮೇಲೆ ತಾಟು ಮುಚ್ಚಿ, ಸೆರಗಿನಿಂದ ಒತ್ತಿ ಹಿಡಿದುಕೊಂಡೆ.